ಬ್ರೌಸರ್‌ನಲ್ಲೇ ಪಿಯಾನೊ: 13 ಫೈಲು, ನಾಲ್ಕು ತಿಂಗಳ ಸಂಜೆ

"ಬಿಡು ಗುರೂ, ಬ್ರೌಸರ್‌ನಲ್ಲಿ ಪಿಯಾನೊ ಆಗೋ ಮಾತಲ್ಲ. ನೀನು ಒತ್ತೋದು ಈಗ, ಅದು ಕೇಳಿಸೋದು ಯಾವಾಗಲೋ." ಆಫೀಸಿನ ಗೆಳೆಯ ಹೀಗೆ ಹೇಳಿದ್ದ. ಮೊದಲ ತಿಂಗಳು ಅವನ ಮಾತೇ ನಿಜವಾಗಿತ್ತು. ಈಗ ಮಗಳ ಸಂಗೀತದ ಮೇಡಂ ಪಾಠದ ಹೊತ್ತಿಗೆ ನನ್ನ ಪಿಯಾನೊನೇ ತೆರೆದು ಕೂರುತ್ತಾರೆ. ಅದೂ ಏಳೆಂಟು ವರ್ಷದ ಹಳೇ ಲ್ಯಾಪ್‌ಟಾಪ್‌ನಲ್ಲಿ, ಏನೂ ಇನ್‌ಸ್ಟಾಲ್ ಮಾಡದೆ.

ಕಂಪ್ಯೂಟರ್ ಕೀಬೋರ್ಡಿನ ಕೀ ಒತ್ತಿದರೆ ಸ್ವರ ಕೇಳಿಸೋ ವೆಬ್ ಪುಟ ಇದು. ಶುರುವಿನಲ್ಲಿ ಸ್ವರಕ್ಕೊಂದರಂತೆ 37 ಆಡಿಯೊ ಟ್ಯಾಗ್ (ಪುಟದಲ್ಲಿ ಸದ್ದಿನ ಫೈಲು ನುಡಿಸೋ ತುಣುಕು) ಹಾಕಿದ್ದೆ. ಒಂದೇ ಸ್ವರವನ್ನು ಬೇಗ ಎರಡು ಸಲ ಒತ್ತಿದರೆ ಮೊದಲನೆಯದು ಅರ್ಧಕ್ಕೇ ಕಟ್ ಆಗುತ್ತಿತ್ತು. ಅದನ್ನೆಲ್ಲ ಕಿತ್ತು, ಬ್ರೌಸರ್‌ನಲ್ಲೇ ಇರೋ ಸದ್ದಿನ ಸಲಕರಣೆ ವೆಬ್ ಆಡಿಯೊಗೆ ಬಂದೆ. ಫೈಲುಗಳನ್ನು ಮೊದಲೇ ಡೀಕೋಡ್ ಮಾಡಿ (ಬಿಚ್ಚಿ) ಬಫರ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಇಡೋದು, ಒತ್ತಿದಾಗಲೆಲ್ಲ ಅದನ್ನು ನುಡಿಸೋಕೆ ಹೊಸ ಸೋರ್ಸ್ ನೋಡ್ ಮಾಡೋದು, ಇದು ಪ್ರೋಗ್ರಾಮಿಂಗ್ ಮಾಡೋರಿಗೆ ಗೊತ್ತಿರೋದೇ. ಆದರೂ ಬೆರಳಿಗೂ ಕಿವಿಗೂ ನಡುವೆ ಏನೋ ಒಂದು ಎಳೆ ಸಡಿಲ ಇತ್ತು. ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಒಂದು ಫೈಲನ್ನು ಸದ್ದು ಎಡಿಟ್ ಮಾಡೋ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ತೆರೆದು ಹಿಗ್ಗಿಸಿ ನೋಡಿದೆ. ಅಲೆ ಏಳೋ ಮುಂಚೆ ಒಂದು ಚಪ್ಪಟೆ ಗೆರೆ! ಎಂಪಿ3 ಮಾಡುವಾಗ ಮುಂದೆ ಸ್ವಲ್ಪ ಮೌನ ಸೇರಿಕೊಳ್ಳುತ್ತೆ. ಕತ್ತರಿಸಿ ಮತ್ತೆ ಎಂಪಿ3 ಮಾಡಿದರೆ ಮತ್ತೆ ಅದೇ ಕಥೆ. ಹಾಗಾಗಿ ಡೀಕೋಡ್ ಆದಮೇಲೆ ಕೋಡ್‌ನಲ್ಲೇ ಸದ್ದು ಶುರುವಾಗೋ ಜಾಗ ಹುಡುಕಿ, ಅಲ್ಲಿಂದಲೇ ಸ್ಟಾರ್ಟ್ ಮಾಡಿಸಿದೆ. ಅವತ್ತೇ ಪಿಯಾನೊ ಬೆರಳಿಗೆ ಅಂಟಿಕೊಂಡಿತು. ಯಾವ ಮಟ್ಟವನ್ನು ಸದ್ದು ಅಂತ ಲೆಕ್ಕ ಹಿಡಿಯಬೇಕು ಅನ್ನೋದು ಮಂದ್ರಕ್ಕೆ ಬೇರೆ, ತಾರಕ್ಕೆ ಬೇರೆ. ಆ ಅಂಕಿಗಳಿಗೆ ಎರಡು ವಾರ ಕೊಟ್ಟಿದ್ದೇನೆ, ಅವು ನನ್ನ ಹತ್ರನೇ ಇರಲಿ.

ಇನ್ನು ನಾದದ ವಿಷಯ. ನಾನೇ ರೆಕಾರ್ಡ್ ಮಾಡಬೇಕು ಅಂತ ಹಟ ಹಿಡಿದು, ಒಂದು ಗಂಟೆಗೆ 1,200 ರೂಪಾಯಿ ಕೊಟ್ಟು ನಿಜವಾದ ಪಿಯಾನೊ ಇದ್ದ ಕಡೆ ಕೂತೆ. ಮನೆಗೆ ಬಂದು ಕೇಳಿದರೆ ಪ್ರತಿ ಸ್ವರದ ಹಿಂದೆ ಎಸಿಯ ಗುಂಯ್ ಸದ್ದು. ಆ ದುಡ್ಡು ಹೋಯ್ತು. ಆಮೇಲೆ ಉಚಿತವಾಗಿ ಸಿಗೋ ಸಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೊ ತೆಗೆದುಕೊಂಡೆ. ಅದು ಯಮಹಾ ಸಿ5 ಪಿಯಾನೊದ ರೆಕಾರ್ಡಿಂಗು. ಅದರ ಎಲ್ಲ ಮನೆಗಳನ್ನೂ (ಪಿಯಾನೊದ ಕೀಗಳನ್ನೂ) ರೆಕಾರ್ಡ್ ಮಾಡಿಲ್ಲ, ಮೂರು ಮನೆಗೆ ಒಂದು ಅಷ್ಟೇ. ಅದೇ ಸಾಕು. ಪಕ್ಕದ ಮನೆ ಬೇಕಾದರೆ ಪ್ಲೇಬ್ಯಾಕ್ ರೇಟನ್ನು (ಫೈಲು ಓಡೋ ವೇಗವನ್ನು) 1.0595ರಿಂದ ಗುಣಿಸೋದು ಇಲ್ಲವೇ ಭಾಗಿಸೋದು. ಒಂದೇ ಮನೆ ಅತ್ತ ಇತ್ತ ಆಗೋದರಿಂದ ಕಿವಿಗೆ ಗೊತ್ತೇ ಆಗಲ್ಲ. ಮೂರು ಸ್ಥಾಯಿಗೆ 13 ಫೈಲು, ಎಲ್ಲ ಸೇರಿ ಆರೇಳು ನೂರು ಕೆಬಿ. ಮೊಬೈಲ್ ಡೇಟಾದಲ್ಲೂ ಸರ್ರನೆ ತೆರೆಯುತ್ತೆ.

ಬೆರಳು ಎತ್ತಿದಾಗ ಥಟ್ಟನೆ ನಿಲ್ಲಿಸಿದರೆ "ಟಪ್" ಅಂತ ಸದ್ದು ಬರುತ್ತಿತ್ತು. ಗೇನನ್ನು (ಸದ್ದಿನ ಮಟ್ಟವನ್ನು) ನಿಧಾನ ಇಳಿಸಬೇಕು. ಎಕ್ಸ್‌ಪೊನೆನ್ಷಿಯಲ್ ರ‍್ಯಾಂಪ್ ಅನ್ನೋ ಇಳಿಸೋ ಆದೇಶ ಸೊನ್ನೆಗೆ ಇಳಿಯಲ್ಲ, ಎರರ್ ಕೊಡುತ್ತೆ. 0.001ಕ್ಕೆ ಇಳಿಸಿ ಆಮೇಲೆ ನಿಲ್ಲಿಸಿ.

ಒಂದು ದಿನ ಪಿಯಾನೊ ಪೂರ್ತಿ ಮೂಕ. ಹಿಂದಿನ ದಿನ ಚೆನ್ನಾಗೇ ಇತ್ತು. ನೋಡಿದರೆ ಮಗಳು ಹೋಂವರ್ಕ್‌ಗೆ ಅಂತ ಕನ್ನಡ ಇನ್‌ಸ್ಕ್ರಿಪ್ಟ್ (ಕನ್ನಡ ಅಕ್ಷರಗಳ ಕೀ ಜೋಡಣೆ) ಆನ್ ಮಾಡಿ ಹಾಗೇ ಬಿಟ್ಟಿದ್ದಳು. ಸಿ ಒತ್ತಿದರೆ ನನ್ನ ಪ್ರೋಗ್ರಾಂಗೆ 'ಮ' ಹೋಗುತ್ತಿತ್ತು, ವಿ ಒತ್ತಿದರೆ 'ನ'. ಕೀ ಒತ್ತಿದಾಗ ಬ್ರೌಸರ್ ಕಳಿಸೋ ಈವೆಂಟ್‌ನಲ್ಲಿ 'key' ಬಿಟ್ಟು 'code' ನೋಡೋ ಹಾಗೆ ಬದಲಾಯಿಸಿದೆ. ಅದು ಅಕ್ಷರ ನೋಡಲ್ಲ, ಕೀ ಇರೋ ಜಾಗ ನೋಡುತ್ತೆ. ಕನ್ನಡ ಟೈಪ್ ಮಾಡೋರ ಮನೆಯಲ್ಲಿ ಇದು ಬೇಕೇ ಬೇಕು.

ಇನ್ನೊಂದಕ್ಕೆ ಎರಡು ಸಂಜೆ ಹಾಳಾಯ್ತು. ಎಡಗೈಯಲ್ಲಿ ಮೂರು ಸ್ವರ ಹಿಡಿದು ಬಲಗೈ ಬೆರಳಿಟ್ಟರೆ ನಾಲ್ಕನೆಯದು ಬರುತ್ತಿರಲಿಲ್ಲ. ಕೋಡ್‌ನಲ್ಲೇ ತಪ್ಪು ಅಂತ ಒದ್ದಾಡಿದೆ. ಕೊನೆಗೆ ಸುಮ್ನೆ ನೋಟ್‌ಪ್ಯಾಡ್ ತೆರೆದು ಅದೇ ನಾಲ್ಕು ಕೀ ಒತ್ತಿದೆ. ಅಲ್ಲೂ ಮೂರೇ ಅಕ್ಷರ. ಅಗ್ಗದ ಕೀಬೋರ್ಡ್‌ಗಳ ಹಣೆಬರಹ ಅದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 450 ರೂಪಾಯಿಗೆ ಇನ್ನೊಂದು ತಂದೆ, ಅದೂ ಅಷ್ಟೇ. ಆಮೇಲೆ ಸೆಕೆಂಡ್ ಹ್ಯಾಂಡ್ ಮಿಡಿ ಕೀಬೋರ್ಡು (ಒತ್ತಿದ ಸ್ವರವನ್ನು ಕಂಪ್ಯೂಟರ್‌ಗೆ ಸಂದೇಶವಾಗಿ ಕಳಿಸೋ ಪಿಯಾನೊ ಕೀಬೋರ್ಡು), ಸುಮಾರು 3,500. ಅದರಲ್ಲಿ ಮೊದಲ ದಿನ ಸ್ವರಗಳು ನಿಲ್ಲುತ್ತಲೇ ಇರಲಿಲ್ಲ, ಯಾಕಂದ್ರೆ ಬೆರಳು ಎತ್ತಿದಾಗ ಅದು ನೋಟ್ ಆಫ್ (ಸ್ವರ ನಿಲ್ಲಿಸು) ಕಳಿಸಲ್ಲ, ವೆಲಾಸಿಟಿ (ಒತ್ತಿದ ರಭಸ) ಸೊನ್ನೆ ಇರೋ ನೋಟ್ ಆನ್ ಕಳಿಸುತ್ತೆ. ಒಂದು ಸಾಲಿನ ಷರತ್ತು ಹಾಕಿದೆ, ಸರಿಹೋಯ್ತು. ಬ್ಲೂಟೂತ್ ಇಯರ್‌ಫೋನ್‌ಗೆ 1,500 ಹಾಕಿದ್ದು ಮಾತ್ರ ಪೂರ್ತಿ ದಂಡ. ಅದರಲ್ಲಿ ಸದ್ದು ತಡವಾಗೇ ಬರುತ್ತೆ, ಯಾವ ಕೋಡಿಗೂ ಬಗ್ಗಲ್ಲ. 350 ರೂಪಾಯಿಯ ವೈರ್ ಇರೋದೇ ಸಾಕಾಯ್ತು. ಎಲ್ಲ ಸೇರಿ ಏಳು ಸಾವಿರ ಖರ್ಚು, ಅದರಲ್ಲಿ ಕೆಲಸಕ್ಕೆ ಬಂದದ್ದು ನಾಲ್ಕು ಸಾವಿರದ ಹತ್ತಿರ.

ನಡುವೆ ಒಂದು ದಾರಿ ತಪ್ಪಿದ ಪ್ರಯೋಗವೂ ಆಯ್ತು. 1983ರ ಕಾರ್ಪ್ಲಸ್-ಸ್ಟ್ರಾಂಗ್ ವಿಧಾನ. ನೂರು ಅಂಕಿಯ ಒಂದು ಅರೇ (ಪಟ್ಟಿ) ತುಂಬ ಬರೀ ಗದ್ದಲ, ಅಂದರೆ ಯದ್ವಾತದ್ವಾ ಅಂಕಿಗಳನ್ನು ತುಂಬಿ, ಪಕ್ಕಪಕ್ಕದ ಎರಡರ ಸರಾಸರಿ ತೆಗೆಯುತ್ತಾ ಸುತ್ತುತ್ತಾ ಹೋದರೆ ತಂತಿ ಮೀಟಿದ ಸದ್ದು ಬರುತ್ತೆ. ಫೈಲೇ ಬೇಡ! ಪಿಯಾನೊಗೆ ಅದು ಹೊಂದಲಿಲ್ಲ, ಆದರೆ ತಂಬೂರಿಯ ಛಾಯೆ ಸಿಕ್ಕಿತು. ಅದನ್ನು ಶ್ರುತಿಗೆ ಅಂತ ಹಿಂದೆ ಮೆಲ್ಲಗೆ ಬಿಟ್ಟೆ. ಪಂಚಮವನ್ನು ಷಡ್ಜದ ಕಂಪನಕ್ಕೆ ಪಿಯಾನೊ ಲೆಕ್ಕದ 1.498 ಪಟ್ಟು ಅಲ್ಲ, ಸರಿಯಾಗಿ ಒಂದೂವರೆ ಪಟ್ಟು ಇಟ್ಟೆ.

ಮೇಡಂ ಮೊದಲ ಸಲ ಬಿಳಿ ಐದು ಶ್ರುತಿ ಹಾಕಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಮಾಯಾಮಾಳವಗೌಳದ ಸರಳೆ ನುಡಿಸಿದರು, ಮೂರನೇ ಕಾಲದವರೆಗೂ (ಮೊದಲ ಕಾಲದ ನಾಲ್ಕು ಪಟ್ಟು ವೇಗ). ಒಂದು ಸ್ವರವೂ ಹಿಂದೆ ಬೀಳಲಿಲ್ಲ. "ಇದನ್ನ ನನ್ನ ಫೋನಿಗೂ ಹಾಕಿಕೊಡಿ ಸರ್" ಅಂದರು. ಆ ಲಿಂಕನ್ನು ಅವತ್ತು ರಾತ್ರಿಯೇ ಗೆಳೆಯನಿಗೂ ಕಳಿಸಿದೆ.