ಹಾಲು ಆಗದ ಮಗುವಿಗಾಗಿ ಅಡುಗೆಮನೆ ಬದಲಿಸಿದ್ದು: ನನ್ನ ಅನುಭವ

ನಮ್ಮ ಮನೆಯಲ್ಲಿ ಹಾಲಿನ ಪ್ರೋಟೀನ್ ಮತ್ತು ಗೋಡಂಬಿ ಎರಡಕ್ಕೂ ಅಲರ್ಜಿ ಇರುವ ಐದು ವರ್ಷದ ಮಗುವಿದೆ. ಹಾಲು ಕೊಡದಿದ್ದರೆ ಮುಗಿಯಿತಲ್ಲ ಎಂದು ಕೇಳುವವರು ಬಹಳ. ಲೋಟದ ಹಾಲನ್ನು ತಪ್ಪಿಸುವುದು ಸುಲಭ. ಒಗ್ಗರಣೆ ಸೌಟಿಗೆ ಅಂಟಿದ ತುಪ್ಪ, ದೋಸೆ ಕಾವಲಿಯ ಬೆಣ್ಣೆ, ಮಜ್ಜಿಗೆ ಮೆಣಸಿನಕಾಯಿ ಕರಿದ ಎಣ್ಣೆ, ಇವನ್ನು ತಪ್ಪಿಸಲು ಮಾತ್ರ ಇಡೀ ಅಡುಗೆಮನೆಯ ಅಭ್ಯಾಸವನ್ನೇ ಬದಲಿಸಬೇಕಾಗುತ್ತದೆ.

ಅದಕ್ಕೂ ಮೊದಲು, ಇದು ನಿಜವಾಗಿಯೂ ಅಲರ್ಜಿಯೇ ಎಂದು ಗೊತ್ತಾಗಬೇಕು. "ಹಾಲು ಆಗಿಬರಲ್ಲ" ಎನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ, ಆದರೆ ಮೈಮೇಲೆ ಏನೂ ಇಲ್ಲ, ಮೊಸರು ತಿಂದರೆ ಅಷ್ಟೇನೂ ತೊಂದರೆಯಿಲ್ಲ ಎಂದರೆ ಅದು ಹಾಲಿನ ಸಕ್ಕರೆ ಜೀರ್ಣವಾಗದಿರುವುದು, ಅಂದರೆ ಲ್ಯಾಕ್ಟೋಸ್ ಸಮಸ್ಯೆ ಇರಬಹುದು. ತೊಂದರೆ ಕೊಡುತ್ತದೆ, ಪ್ರಾಣಕ್ಕೆ ಬರುವುದಿಲ್ಲ. ಅಲರ್ಜಿ ಹಾಲಿನ ಪ್ರೋಟೀನಿಗೆ ಆಗುವುದು. ಅದರಲ್ಲೂ ಎರಡು ಬಗೆ. ಒಂದು, ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುವುದು: ಪಿತ್ತಗಂಧೆಯಂತೆ ಎದ್ದ ದದ್ದು, ತುಟಿ ಕಣ್ಣು ಊತ, ವಾಂತಿ, ಕೆಮ್ಮು, ಉಬ್ಬಸ. ಇನ್ನೊಂದು ನಿಧಾನದ್ದು, ಹಲವು ಗಂಟೆ ಅಥವಾ ದಿನಗಳ ನಂತರ ಬರುವಂಥದ್ದು: ಕೂಸುಗಳ ಮಲದಲ್ಲಿ ರಕ್ತ, ಬಿಡದ ವಾಂತಿ, ಹೆಚ್ಚಾಗುತ್ತಲೇ ಹೋಗುವ ಇಸುಬು. ದದ್ದು ಎದ್ದಾಗಲೆಲ್ಲ "ಪಿತ್ತ" ಎಂದು ಕೈಬಿಟ್ಟರೆ ಮೊದಲನೆಯದು ತಪ್ಪಿಹೋಗುತ್ತದೆ, "ಹಲ್ಲು ಬರ್ತಿದೆ" ಎಂದರೆ ಎರಡನೆಯದು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ನೋಟ್‌ಬುಕ್ ಬೇಕು. ತಿಂದದ್ದೇನು, ಎಷ್ಟು, ಯಾವ ಕಂಪನಿಯದು, ಎಷ್ಟು ಹೊತ್ತಿಗೆ ತಿಂದದ್ದು, ಮೊದಲ ಲಕ್ಷಣ ಎಷ್ಟು ಹೊತ್ತಿಗೆ, ಏನು ಔಷಧ ಕೊಟ್ಟಿರಿ, ಎಷ್ಟರಲ್ಲಿ ಇಳಿಯಿತು. ಆ ದಿನ ಜ್ವರವಿತ್ತೇ, ನೋವಿನ ಔಷಧ ಕೊಟ್ಟಿದ್ದಿರೇ, ಓಡಾಡಿ ಆಡಿದ ಮೇಲೆ ಬಂದದ್ದೇ ಎಂಬುದನ್ನೂ ಬರೆಯಬೇಕು. ದದ್ದಿನ ಫೋಟೋ ಆಗಲೇ ತೆಗೆದಿಡಿ. ಕ್ಲಿನಿಕ್ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಈ ನೋಟ್‌ಬುಕ್ ಯಾವ ಟೆಸ್ಟಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಚರ್ಮದ ಚುಚ್ಚು ಪರೀಕ್ಷೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗುಳ್ಳೆ ಅಳೆಯುತ್ತಾರೆ. ಬರೀ ನೀರಿನಂಥ ದ್ರಾವಣದ ಗುಳ್ಳೆಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಪಾಸಿಟಿವ್. ಮುಂಚಿನ ಕೆಲವು ದಿನ ಸೆಟಿರಿಜಿನ್ ಥರದ ಅಲರ್ಜಿ ಔಷಧ ನಿಲ್ಲಿಸಿರಬೇಕು, ಇಲ್ಲದಿದ್ದರೆ ಗುಳ್ಳೆಯೇ ಏಳುವುದಿಲ್ಲ. ರಕ್ತದಲ್ಲಿ ನೋಡುವುದು ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ. ಇವೆರಡೂ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ದೇಹ ಆ ಆಹಾರವನ್ನು ಗುರುತು ಹಿಡಿದಿದೆ ಎಂದಷ್ಟೇ. ತಿಂದರೆ ಲಕ್ಷಣ ಬರುತ್ತದೆಯೇ ಎಂಬುದೇ ತೀರ್ಮಾನ. ನೂರಾರು ಆಹಾರಗಳಿಗೆ ಒಂದೇ ಪ್ಯಾಕೇಜಿನಲ್ಲಿ ಮಾಡುವ ಐಜಿಜಿ ಪರೀಕ್ಷೆಗೆ ದುಡ್ಡು ಹಾಕಬೇಡಿ. ಐಜಿಜಿ ಬೇರೆ ಬಗೆಯ ಪ್ರತಿಕಾಯ, ಆ ಆಹಾರ ತಿಂದಿದ್ದೀರಿ ಎಂಬುದರ ಗುರುತಷ್ಟೇ. ಆ ಪಟ್ಟಿ ನಂಬಿ ಗೋಧಿ, ಬೇಳೆ, ಮೊಟ್ಟೆ ಎಲ್ಲ ಬಿಡಿಸಿದರೆ ಮಗು ಸೊರಗುತ್ತದೆ, ಅಷ್ಟೇ.

ಇನ್ನು ಅಡುಗೆಮನೆ. ಹಸುವಿನ ಹಾಲು ಆಗದಿದ್ದರೆ ಮೇಕೆ ಹಾಲು ಕೊಡಿ ಎನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಕೊಡಬಾರದು. ಮೇಕೆ, ಕುರಿ, ಎಮ್ಮೆ ಹಾಲಿನ ಪ್ರೋಟೀನ್ ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಹೆಚ್ಚಿನ ಮಕ್ಕಳಿಗೆ ಅವೂ ಆಗುವುದಿಲ್ಲ. ಕಾಯಿಸಿದರೂ ಹೆಪ್ಪು ಹಾಕಿದರೂ ಕೇಸೀನ್ ಎಂಬ ಪ್ರೋಟೀನ್ ಉಳಿಯುತ್ತದೆ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಅದೇ. ತುಪ್ಪದ ಬಗ್ಗೆ ದೊಡ್ಡವರ ಜೊತೆ ವಾದ ಬಹಳ ನಡೆಯುತ್ತದೆ: "ಬರೀ ಜಿಡ್ಡು ತಾನೇ, ಒಂದು ಚಮಚ ಹಾಕಿದ್ರೆ ಏನಾಗುತ್ತೆ?" ಮನೆಯಲ್ಲಿ ಕಾಯಿಸಿದ ತುಪ್ಪದ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದಲ್ಲ, ಅದು ಹಾಲಿನ ಪ್ರೋಟೀನೇ. ಸೋಸಿದರೂ ಒಂದಿಷ್ಟು ಉಳಿದಿರುತ್ತದೆ. ಅಜ್ಜಿಗೆ ಆ ಗಸಿಯನ್ನೇ ತೋರಿಸಿದರೆ ಯಾವ ವಿವರಣೆಯೂ ಬೇಡ.

ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟು. ಮಗುವಿನ ಅಡುಗೆ ಮೊದಲು, ಹಾಲು ಕಾಯಿಸುವುದು ಆಮೇಲೆ. ಪಕ್ಕದ ಒಲೆಯಲ್ಲಿ ಹಾಲು ಉಕ್ಕಿದರೆ ಇತ್ತಕಡೆಯ ಪಾತ್ರೆಗೆ ಸಿಡಿಯುತ್ತದೆ. ಕುದಿಯುವ ಹಾಲಿನ ಹಬೆಗೇ ಕೆಮ್ಮು ಶುರುವಾಗುವ ಮಕ್ಕಳೂ ಇದ್ದಾರೆ. ಮಗುವಿಗೆ ಬೇರೆ ಕಾವಲಿ, ಬೇರೆ ಒಗ್ಗರಣೆ ಸೌಟು, ಮಿಕ್ಸಿಯ ಬೇರೆ ಚಿಕ್ಕ ಜಾರ್. ಜಾರನ್ನು ಎಷ್ಟೇ ತೊಳೆದರೂ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರ್ ಸುತ್ತ ಮಸಾಲೆ ಕೂತಿರುತ್ತದೆ. ಕಬ್ಬಿಣದ ಕಾವಲಿ ಜಿಡ್ಡು ಹೀರಿಕೊಂಡೇ ಪಳಗುವಂಥದ್ದು, ಅದನ್ನು ಹಂಚಿಕೊಳ್ಳುವುದು ಆಗದ ಮಾತು. ಅದಕ್ಕಿಂತ ಮೋಸ ಮಾಡುವುದು ಕಾವಲಿ ಒರೆಸುವ ಅರ್ಧ ಈರುಳ್ಳಿ. ಕಾವಲಿ ಬೇರೆ ಇಟ್ಟು ಈರುಳ್ಳಿ ಒಂದೇ ಇಟ್ಟರೆ ಬೆಣ್ಣೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಹಾಲಿನ ಪಾತ್ರೆ ಉಜ್ಜುವ ನಾರು ಬೇರೆ, ಮಗುವಿನ ಪಾತ್ರೆಗೆ ಬೇರೆ ಬಣ್ಣದ್ದು. ಮರದ ಸೌಟುಗಳನ್ನು ಮಗುವಿನ ಅಡುಗೆಗೆ ಮುಟ್ಟುವುದೇ ಇಲ್ಲ. ಸ್ಟೀಲ್ ಸಾಕು, ಸೋಪಿನಲ್ಲಿ ಸ್ವಚ್ಛವಾಗುತ್ತದೆ. ಕೈಗೂ ಸೋಪು ನೀರೇ ಆಗಬೇಕು. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆ, ಅಂಟಿದ ಪ್ರೋಟೀನನ್ನು ತೆಗೆಯುವುದಿಲ್ಲ.

ಕರಿಯುವ ಎಣ್ಣೆಯನ್ನು ಎಲ್ಲರೂ ಮರೆಯುತ್ತಾರೆ. ಬಾಣಲೆಗೆ ಮೊದಲು ಮಜ್ಜಿಗೆ ಮೆಣಸಿನಕಾಯಿ ಬಿದ್ದು, ಅದೇ ಎಣ್ಣೆಯಲ್ಲಿ ಮಗುವಿನ ಹಪ್ಪಳ ಕರಿದರೆ ಹಪ್ಪಳ ಶುದ್ಧ ಉದ್ದಿನದೇ ಆಗಿದ್ದೂ ಪ್ರಯೋಜನವಿಲ್ಲ. ಸಂಡಿಗೆಯಲ್ಲೂ ಕೆಲವರು ಹುಳಿ ಮಜ್ಜಿಗೆ ಹಾಕುತ್ತಾರೆ, ಕೇಳಿ ನೋಡಬೇಕು.

ಹೊರಗಿನ ತಿಂಡಿಯಲ್ಲಿ ರವೆ ಇಡ್ಲಿ, ಮಂಗಳೂರು ಬನ್ಸ್, ಗೋಳಿಬಜೆ ಮೂರಕ್ಕೂ ಮೊಸರು ಬೀಳುತ್ತದೆ. ಬಿಸಿಬೇಳೆಬಾತ್, ಖಾರಾ ಪೊಂಗಲ್, ಕೇಸರಿಬಾತ್‌ಗೆ ತುಪ್ಪ, ಮೇಲೆ ಗೋಡಂಬಿ. ಗೋಡಂಬಿ ಆರಿಸಿ ತೆಗೆದು ಕೊಟ್ಟರೂ ಅಲರ್ಜಿ ಹೋಗುವುದಿಲ್ಲ. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಬಹುಪಾಲು ಆಗದು, ಎರಡೂ ಒಂದೇ ಕುಟುಂಬದವು. ನೀರುದೋಸೆ ಹಿಟ್ಟು ಅಕ್ಕಿ ಕಾಯಿಯದು, ಆದರೆ ಹೋಟೆಲಿನ ಕಾವಲಿ ಬೆಣ್ಣೆ ದೋಸೆಯದ್ದೂ ಆಗಿರಬಹುದು. "ಹಾಲು ಹಾಕಿದ್ದೀರಾ?" ಎಂದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಅವರು ಸುಳ್ಳು ಹೇಳುತ್ತಿರುವುದಿಲ್ಲ. "ತುಪ್ಪ, ಬೆಣ್ಣೆ, ಮೊಸರು, ಮಜ್ಜಿಗೆ, ಖೋವಾ, ಗೋಡಂಬಿ ಪೇಸ್ಟ್" ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು. ಮದುವೆ ಊಟದಲ್ಲಿ ಅಭಿಗಾರದ ತುಪ್ಪ ಎಲೆಗೆ ಬಿದ್ದ ಮೇಲೆ ಯಾರನ್ನೂ ಬೈದು ಫಲವಿಲ್ಲ. ನಾವು ಡಬ್ಬಿ ಒಯ್ಯುತ್ತೇವೆ, ಎಲೆಯಲ್ಲಿ ಕೂರಿಸುವುದಿಲ್ಲ. ತೀರ್ಥ ಎಂದು ಪಂಚಾಮೃತ ಕೊಡುವ ಕೈಯನ್ನೂ ಗಮನಿಸಿರಬೇಕು, ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದವನ್ನೂ.

ಪ್ಯಾಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನಿಯಮದಂತೆ ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿಯಂಥವು, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಕೆಡದಂತೆ ಹಾಕುವ ಸಲ್ಫೈಟ್ ಇದ್ದರೆ "ಕಂಟೇನ್ಸ್" ಎಂದು ಬರೆಯಬೇಕು. ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ, ಕಡಲೆ ಇಲ್ಲ, ಅವು ಆಗದವರು ಪೂರ್ತಿ ಸಾಮಗ್ರಿ ಪಟ್ಟಿಯನ್ನೇ ಓದಬೇಕು. ಹಾಲಿಗೆ ಮುಚ್ಚಿಟ್ಟ ಹೆಸರುಗಳು: ಕೇಸಿನೇಟ್, ವ್ಹೇ, ಮಿಲ್ಕ್ ಸಾಲಿಡ್ಸ್, ಬಟರ್‌ಮಿಲ್ಕ್ ಪೌಡರ್. "ನಾನ್ ಡೈರಿ" ಎಂದು ಬರೆದ ಕಾಫಿಗೆ ಹಾಕುವ ಕ್ರೀಮರ್ ಪುಡಿಯಲ್ಲೂ ಸೋಡಿಯಂ ಕೇಸಿನೇಟ್ ಇರುವುದುಂಟು. ಒಮ್ಮೆ ಓದಿ ಒಪ್ಪಿಕೊಂಡ ಬಿಸ್ಕತ್ತನ್ನೂ ಪ್ರತಿ ಸಲ ಓದಬೇಕು, ತಯಾರಿಕೆ ಬದಲಾಗುತ್ತಿರುತ್ತದೆ. ಬೇಕರಿಯ ಬಿಡಿ ಬನ್ನು, ರಸ್ಕಿಗೆ ಚೀಟಿಯೇ ಇರುವುದಿಲ್ಲ, ನಾವು ತರುವುದಿಲ್ಲ. ಹಲ್ಲಿನ ಡಾಕ್ಟರಿಗೂ ಹೇಳಿಡಿ: ಹಲ್ಲು ಗಟ್ಟಿ ಮಾಡುವ ಕೆಲವು ಪೇಸ್ಟ್‌ಗಳನ್ನು ಕೇಸೀನಿನಿಂದಲೇ ಮಾಡುತ್ತಾರೆ.

ಸರ್ಕಾರಿ ಶಾಲೆ, ಅಂಗನವಾಡಿಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಈಚೆಗೆ ಅದರ ಜೊತೆ ರಾಗಿ ಮಾಲ್ಟೂ ಬಂದಿದೆ. "ಹಾಲು ಬೇಡ" ಎಂದಷ್ಟೇ ಹೇಳಿದರೆ ರಾಗಿ ತಾನೇ ಎಂದು ಮಾಲ್ಟ್ ಕೊಟ್ಟುಬಿಡಬಹುದು. ಅದನ್ನು ಕಲಸುವುದೇ ಹಾಲಿನಲ್ಲಿ. ಹಾಗಾಗಿ ಟೀಚರಿಗೆ ಕೊಡುವ ಚೀಟಿಯಲ್ಲಿ ಎರಡನ್ನೂ ಹೆಸರಿಸಿ, ಲೋಟ ಅದಲು ಬದಲಾಗಬಾರದು ಎಂಬುದನ್ನೂ ಸೇರಿಸಬೇಕು.

ಹಾಲು ಬಿಟ್ಟರೆ ಕ್ಯಾಲ್ಸಿಯಂ ಲೆಕ್ಕ ಹಾಕಲೇಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇರುತ್ತದೆ. ಐದು ವರ್ಷದ ಮಗು ಒಂದು ದಿನಕ್ಕೆ 50 ಗ್ರಾಂ ಹಿಟ್ಟಿನ ಮುದ್ದೆಯೋ ಅಂಬಲಿಯೋ ತಿಂದರೆ ಅದೇ ದೊಡ್ಡದು. ಉಳಿದದ್ದಕ್ಕೆ ಸೊಪ್ಪು, ಹುರುಳಿ, ಸಿಪ್ಪೆ ಸಮೇತದ ಎಳ್ಳು, ಸಾಲದಿದ್ದರೆ ಡಾಕ್ಟರ್ ಬರೆದ ಔಷಧ. ತೆಂಗಿನ ಹಾಲು ಅಡುಗೆಗೆ ರುಚಿ, ಹಾಲಿಗೆ ಬದಲಿ ಅಲ್ಲ. ಅದರಲ್ಲಿ ಪ್ರೋಟೀನ್ ತೀರ ಕಮ್ಮಿ. ಒಂದು ವರ್ಷದೊಳಗಿನ ಕೂಸಿಗೆ ಯಾವ ಗಿಡದ ಹಾಲೂ ಸಲ್ಲದು, ತಾಯಿಹಾಲು ಇಲ್ಲದಿದ್ದರೆ ಅದಕ್ಕೆ ಡಾಕ್ಟರ್ ಬರೆದುಕೊಡುವ ವಿಶೇಷ ಪುಡಿಯೇ ಆಗಬೇಕು.

ಇಷ್ಟೆಲ್ಲ ಮಾಡಿಯೂ ತಪ್ಪಿ ಬಾಯಿಗೆ ಹೋಗುತ್ತದೆ. ನಾಲ್ಕಾರು ದದ್ದು, ತುಟಿ ತುರಿಕೆ ಮಾತ್ರ ಇದ್ದರೆ ಡಾಕ್ಟರ್ ಹೇಳಿದಷ್ಟು ಸೆಟಿರಿಜಿನ್ ಕೊಟ್ಟು, ಮಗುವನ್ನು ಬಿಟ್ಟು ಕದಲದೆ ನೋಡಬೇಕು. ಉಸಿರು ಕಷ್ಟ, ಸೀಟಿಯಂಥ ಸದ್ದು, ದನಿ ಬದಲಾಗುವುದು, ನಾಲಿಗೆ ಊತ, ಮೈ ತಣ್ಣಗಾಗಿ ಸೋತು ಬೀಳುವುದು, ಅಥವಾ ದದ್ದಿನ ಜೊತೆ ಮೇಲಿಂದ ಮೇಲೆ ವಾಂತಿ ಇದ್ದರೆ ಅದು ಅನಾಫೈಲಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತಾಗುವ ತೀವ್ರ ಅಲರ್ಜಿ. ದದ್ದು ಇಲ್ಲದೆಯೂ ಬರಬಹುದು. ಅದಕ್ಕೆ ಔಷಧ ಅಡ್ರಿನಲಿನ್ ಒಂದೇ, ಸೆಟಿರಿಜಿನ್ ತುರಿಕೆಗಷ್ಟೇ. ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮಲ್ಲಿ ಸುಲಭಕ್ಕೆ ಸಿಗದು. ಆದ್ದರಿಂದ ಡಾಕ್ಟರ್ ಕಲಿಸಿಕೊಟ್ಟ ಹಾಗೆ ಆಂಪ್ಯೂಲ್ (ಔಷಧ ತುಂಬಿದ ಪುಟ್ಟ ಗಾಜಿನ ಶೀಷೆ) ಮತ್ತು ಸಿರಿಂಜ್ ಇಟ್ಟುಕೊಂಡಿದ್ದೇವೆ. ಒಂದು ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ ಕಿಲೋ ತೂಕಕ್ಕೆ 0.01 ಮಿಲಿ, 15 ಕಿಲೋ ಮಗುವಿಗೆ 0.15 ಮಿಲಿ. ಇಡೀ ಆಂಪ್ಯೂಲ್ ಎಳೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಇನ್ಸುಲಿನ್ ಸಿರಿಂಜ್ ಬೇಡ: ಗುರುತುಗಳು ಯುನಿಟ್ಟಿನಲ್ಲಿವೆ, ಸೂಜಿಯೂ ಗಿಡ್ಡ, ಮಾಂಸಖಂಡ ಮುಟ್ಟುವುದಿಲ್ಲ. ನೂರನೇ ಭಾಗದ ಗೆರೆಗಳಿರುವ 1 ಮಿಲಿ ಸಿರಿಂಜ್, ಡಾಕ್ಟರ್ ಹೇಳಿದ ಉದ್ದದ ಸೂಜಿ. ತೊಡೆಯ ಮಧ್ಯದ ಹೊರಬದಿಗೆ, ಬೇಕಾದರೆ ಬಟ್ಟೆಯ ಮೇಲಿಂದಲೇ. ಆಂಪ್ಯೂಲಿನ ಕುತ್ತಿಗೆ ಮುರಿಯುವುದನ್ನು ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನಲ್ಲಿ ಅಭ್ಯಾಸ ಮಾಡಿರಬೇಕು, ಗಾಬರಿಯಲ್ಲಿ ಬೆರಳು ಕುಯ್ದುಕೊಳ್ಳುವುದು ಸಾಮಾನ್ಯ.

ಚುಚ್ಚಿದ ಮೇಲೆ 108ಕ್ಕೆ ಫೋನ್. ಮಗುವನ್ನು ಮಲಗಿಸಿ ಕಾಲು ಎತ್ತರ ಇಡಿ. ಉಸಿರು ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಸುಧಾರಿಸದಿದ್ದರೆ 5ರಿಂದ 15 ನಿಮಿಷಕ್ಕೆ ಎರಡನೇ ಡೋಸ್. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಬರುವುದುಂಟು. ಚೀಲದಲ್ಲಿ ಎರಡು ಆಂಪ್ಯೂಲ್, ಎರಡು ಸಿರಿಂಜ್, ಸೆಟಿರಿಜಿನ್, ತೂಕ ಮತ್ತು ಮಿಲಿ ಬರೆದ ಚೀಟಿ. ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬಾರದು. ದ್ರವ ಕಂದು ತಿರುಗಿದ್ದರೆ ಬಿಸಾಡಬೇಕು. ಮಗು ಬೆಳೆದಂತೆ ಚೀಟಿಯ ಅಂಕಿ ಹಳತಾಗುತ್ತದೆ, ಆರು ತಿಂಗಳಿಗೊಮ್ಮೆ ತೂಗಿ ತಿದ್ದುತ್ತೇವೆ.

ಹಾಲಿನ ಅಲರ್ಜಿ ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ಹೋಗುತ್ತದೆ, ಗೋಡಂಬಿಯದು ಹಾಗೆ ಹೋಗುವುದು ಅಪರೂಪ. ಅದಕ್ಕೇ ವರ್ಷಕ್ಕೊಮ್ಮೆ ಪರೀಕ್ಷೆ. ಅಂಕಿ ಇಳಿದರೆ ಡಾಕ್ಟರ್ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ನೋಡುತ್ತಾರೆ, ಸಾಮಾನ್ಯವಾಗಿ ಹಿಟ್ಟಿನ ಜೊತೆ ಚೆನ್ನಾಗಿ ಬೆಂದ ಹಾಲಿನಿಂದ ಶುರು. ಆ ದಿನಕ್ಕೆ ಜ್ವರ, ಕೆಮ್ಮು, ಉಬ್ಬಸ ಯಾವುದೂ ಇರಬಾರದು, ಇದ್ದರೆ ಮುಂದೂಡುತ್ತಾರೆ. ಮನೆಯಲ್ಲಿ ಬೆರಳ ತುದಿಯಷ್ಟು ಮೊಸರು ನೆಕ್ಕಿಸಿ ನೋಡುವ ಪ್ರಯೋಗ ಮಾತ್ರ ಬೇಡ.