ಏರ್ ಫ್ರೈಯರ್‌ನಲ್ಲಿ ಮಟನ್: ಮೊದಲು ಸೀಟಿ, ಆಮೇಲೆ ಬಿಸಿಗಾಳಿ

ಹುಬ್ಬಳ್ಳಿಯಲ್ಲಿ ಮಟನ್ ಎಂದರೆ ಸಾವಜಿ ಖಾನಾವಳಿ, ಎಣ್ಣೆ ತೇಲುವ ಕೆಂಪು ರಸ. ಅಂಥ ಊರಿನಲ್ಲಿ ಒಂದೇ ಚಮಚ ಎಣ್ಣೆಯಲ್ಲಿ ಮಟನ್ ಹುರಿಯುತ್ತೇನೆ ಎಂದಾಗ ಮನೆಯವರು ನಕ್ಕರು. ಮೊದಲ ಸಲ ಅವರು ನಕ್ಕಿದ್ದೇ ಸರಿಯಾಯಿತು. ವಿಡಿಯೊ ನೋಡಿ ಹಸಿ ತುಂಡುಗಳನ್ನು ಬುಟ್ಟಿಗೆ ಸುರಿದು, 200 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟಿದ್ದೆ. ಬಣ್ಣವೇನೋ ಚೆನ್ನಾಗಿ ಬಂತು. ಅಗಿದರೆ ಚಪ್ಪಲಿಯ ಬಾರು.

ಆ ವಿಡಿಯೊದಲ್ಲಿ ಇದ್ದದ್ದು ದನದ ಸೊಂಟದ ಭಾಗದ ಮಾಂಸ. ಅದು ಹೆಚ್ಚು ದುಡಿಯದ, ಮೆತ್ತನೆಯ ಮಾಂಸ. ಹೊರಗೆ ಕಂದು ಹತ್ತಿ ಒಳಗೆ ನಸುಗೆಂಪು ಉಳಿದಾಗಲೇ ತಿನ್ನುತ್ತಾರೆ, ಹಾಗಾಗಿ ಎಂಟು ಹತ್ತು ನಿಮಿಷ ಸಾಕು. ನಮ್ಮ ಅಂಗಡಿಯಲ್ಲಿ ಸಿಗುವುದು ಹೊಲ ಹೊಲ ತಿರುಗಿ ಮೇದ ಕುರಿಯ ತೊಡೆ. ಅದರ ನಾರು ಕರಗಿ ಮೆತ್ತಗಾಗಲು ನೀರಿನ ಪಸೆ ಬೇಕು, ಸಮಯವೂ ಬೇಕು. ಏರ್ ಫ್ರೈಯರ್‌ನಲ್ಲಿ ಎರಡೂ ಇಲ್ಲ. ಮೇಲೊಂದು ಕಾಯುವ ಸುರುಳಿ, ಅದರ ಹಿಂದೆ ಫ್ಯಾನು, ಅಷ್ಟೆ. ಅದು ಒಣಗಿಸಿ ಹುರಿಯುವ ಯಂತ್ರ. ಬೇಯಿಸುವ ಕೆಲಸ ಕುಕ್ಕರ್‌ಗೇ ಬಿಡಿ.

ಮೂಳೆಯಿಲ್ಲದ ತೊಡೆಯ ಮಾಂಸ ಅರ್ಧ ಕಿಲೊ ತನ್ನಿ. ಒಂದಿಂಚಿನ ತುಂಡು ಮಾಡಿಸಿ; ಇನ್ನೂ ಚಿಕ್ಕದಾದರೆ ಕೊನೆಗೆ ಒಣಗಿದ ಗುಂಡಿಗಳು ಸಿಗುತ್ತವೆ. ಉಪ್ಪು, ಅರಿಸಿನ, ಒಂದು ಚಮಚ ಶುಂಠಿ-ಬೆಳ್ಳುಳ್ಳಿ, ಅರ್ಧ ಲೋಟ ನೀರು ಹಾಕಿ ಕುಕ್ಕರ್‌ನಲ್ಲಿಡಿ. ಎಳೆಯ ಕುರಿಯಾದರೆ ಮೂರು ಸೀಟಿ, ಬಲಿತದ್ದಾದರೆ ಐದು. ಉಗುರು ಊರಿದರೆ ಇಳಿಯಬೇಕು, ಆದರೆ ತುಂಡು ಬಿಚ್ಚಿಕೊಳ್ಳಬಾರದು. ಬಸಿದ ನೀರನ್ನು ಚೆಲ್ಲಬೇಡಿ, ರಾತ್ರಿಯ ಸಾರಿಗೆ ಅದೇ ಜೀವ.

ಇನ್ನು ಎಲ್ಲರೂ ಹಾರಿಸುವ ಹಂತ. ತುಂಡುಗಳನ್ನು ತಟ್ಟೆಯಲ್ಲಿ ಹರವಿ ಫ್ಯಾನಿನ ಕೆಳಗೆ ಹತ್ತು ನಿಮಿಷ ಆರಿಸಿ. ಮೇಲೆ ನೀರಿದ್ದರೆ ಮೊದಲು ಅದೇ ಆವಿಯಾಗಬೇಕು. ಅಷ್ಟರಲ್ಲಿ ಮಾಂಸ ಒಳಗೂ ಒಣಗುತ್ತದೆ. ಮೊಸರು ಹಚ್ಚದಿರಲು ಕಾರಣವೂ ಇದೇ.

ಎರಡು ಚಮಚ ಬ್ಯಾಡಗಿ ಖಾರಪುಡಿ, ಒಂದು ಚಮಚ ಧನಿಯಾ ಪುಡಿ, ಅರ್ಧ ಚಮಚ ಗರಂ ಮಸಾಲೆ, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ ಕಲಸಿ ಹಚ್ಚಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬಣ್ಣ ಗಾಢ, ಖಾರ ಕಡಿಮೆ. ಸಾವಜಿ ಖಾರವೇ ಬೇಕೆನ್ನುವವರು ಅರ್ಧ ಚಮಚ ಗುಂಟೂರು ಪುಡಿ ಸೇರಿಸಿಕೊಳ್ಳಲಿ. ಪುಡಿ ಎಣ್ಣೆಯಲ್ಲಿ ಪೂರ್ತಿ ನೆನೆದಿರಬೇಕು; ಒಣಪುಡಿ ಗಾಳಿಗೆ ಹಾರಿ ಸುರುಳಿಗೆ ಅಂಟಿದರೆ ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಓಡಬೇಕಾಗುತ್ತದೆ.

ಯಂತ್ರವನ್ನು ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್‌ಗೇ ಹಾಕಿ. 1,500 ವ್ಯಾಟ್‌ನ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ಅದಕ್ಕೆ ಸಾಲದು.

ಖಾಲಿ ಬುಟ್ಟಿಯನ್ನು ಮೂರು ನಿಮಿಷ ಕಾಯಿಸಿ, ತಾಪ 190 ಡಿಗ್ರಿಗಿಡಿ. 200ಕ್ಕೆ ಖಾರಪುಡಿ ಬೇಗ ಕಪ್ಪಾಗುತ್ತದೆ. ತುಂಡುಗಳು ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿರಲಿ. ಅರ್ಧ ಕಿಲೊವನ್ನು ಎರಡು ಸಲವಾಗಿ ಹಾಕಬೇಕಾಗುತ್ತದೆ, ಬೇಸರಪಟ್ಟು ಒಟ್ಟಿಗೆ ತುಂಬಬೇಡಿ. ಐದು ನಿಮಿಷದ ನಂತರ ಬುಟ್ಟಿ ಹೊರಗೆಳೆದು ಕುಲುಕಿ, ಮತ್ತೆ ಮೂರು ನಿಮಿಷ. ಅಂಚುಗಳು ಕಡುಗೆಂಪಾಗಿ ಗರಿಗರಿಯಾಗಿ ಕಂಡರೆ ತೆಗೆಯಿರಿ. ಕೊಬ್ಬು ತೊಟ್ಟಿಕ್ಕಿ ಹೊಗೆ ಬರತೊಡಗಿದರೆ ಬುಟ್ಟಿಯ ಕೆಳಗಿನ ತಟ್ಟೆಗೆ ಎರಡು ಚಮಚ ನೀರು ಹಾಕಿ.

ಕರಿಬೇವು ಹಾಕುವವರು ಎಣ್ಣೆ ಸವರಿ, ಕೊನೆಯ ಒಂದು ನಿಮಿಷ ತುಂಡುಗಳ ಅಡಿಯಲ್ಲಿ ಸಿಕ್ಕಿಸಿ. ನಾನು ಮೇಲೆ ಉದುರಿಸಿದ್ದೆ. ಎಲೆಗಳು ಎದ್ದು ಸುರುಳಿಗೆ ಅಂಟಿಕೊಂಡವು. ಮರುದಿನ ಯಂತ್ರವನ್ನು ತಲೆಕೆಳಗು ಮಾಡಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದೆ.

ಮೂರು ನಿಮಿಷ ಆರಲು ಬಿಟ್ಟು, ತುರಿದ ಒಣಕೊಬ್ಬರಿ ಉದುರಿಸಿ, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿಯ ಜೊತೆಗೆ ಬಡಿಸಿ. ಎರಡನೆಯ ಬುಟ್ಟಿ ಆಗುವಷ್ಟರಲ್ಲಿ ಮೊದಲನೆಯ ತಟ್ಟೆ ಖಾಲಿಯಾಗಿರುತ್ತದೆ. ಅಡುಗೆ ಮಾಡಿದವರು ತಮ್ಮ ಪಾಲನ್ನು ಮೊದಲೇ ಎತ್ತಿಟ್ಟುಕೊಳ್ಳಿ.