ಟೊರಾಂಟೊದಲ್ಲಿ ಹೋಮ್ ಇನ್ಸ್‌ಪೆಕ್ಷನ್: ಮೊದಲು ಮನೆಯ ವಯಸ್ಸು ಕೇಳಿ

ಟೊರಾಂಟೊ ಮತ್ತು ಸುತ್ತಮುತ್ತ ಮನೆ ನೋಡಲು ಹೊರಟವರು ಒಂದೇ ಶನಿವಾರದಲ್ಲಿ ನೂರಕ್ಕೂ ಹೆಚ್ಚು ವರ್ಷ ದಾಟಿಬಿಡುತ್ತಾರೆ. ಬೆಳಿಗ್ಗೆ ಕ್ಯಾಬೇಜ್‌ಟೌನ್‌ನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮನೆ, ಮಧ್ಯಾಹ್ನ ಈಸ್ಟ್ ಯಾರ್ಕ್‌ನಲ್ಲಿ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಎದ್ದ ಪುಟ್ಟ ಬಂಗಲೊ, ಸಂಜೆ ಮಿಲ್ಟನ್‌ನಲ್ಲಿ ಬಣ್ಣದ ವಾಸನೆ ಇನ್ನೂ ಹೋಗದ ಟೌನ್‌ಹೌಸ್. ಮೂರರ ಹೊರಗೂ ಇಟ್ಟಿಗೆ, ಮೂರರ ಒಳಗೂ ಬಿಳಿ ಗೋಡೆ, ಬೂದು ನೆಲ. ಮಾರಾಟಕ್ಕೆಂದು ಸಿಂಗರಿಸಿದ ಮೇಲೆ ಎಲ್ಲ ಮನೆಯೂ ಒಂದೇ ಥರ ಕಾಣುತ್ತದೆ. ಹಾಗಾಗಿ, ಕೊಳ್ಳುವ ಮೊದಲು ಇನ್ಸ್‌ಪೆಕ್ಟರನ್ನು ಕರೆಸಿ ಮನೆಯ ಸ್ಥಿತಿ ಪರೀಕ್ಷೆ ಮಾಡಿಸುವ ಹೋಮ್ ಇನ್ಸ್‌ಪೆಕ್ಷನ್ ಬಗ್ಗೆ "ಇನ್ಸ್‌ಪೆಕ್ಷನ್‌ನಲ್ಲಿ ಏನೇನು ನೋಡಿಸಬೇಕು?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮನೆ ಯಾವ ವರ್ಷದ್ದು ಎಂದು. ಆಮೇಲೆ, ಯಾವ ಭಾಗವನ್ನು ಯಾವಾಗ ಬದಲಿಸಿದ್ದಾರೆ ಎಂದು. 1920ರ ಗೋಡೆ, 1970ರ ವೈರು, 1998ರ ಪೈಪು, 2019ರ ಅಡುಗೆಮನೆ ಇವೆಲ್ಲ ಒಂದೇ ಸೂರಿನಡಿ ಇರುವುದು ಇಲ್ಲಿ ಮಾಮೂಲು.

ಇಟ್ಟಿಗೆ ಕಂಡರೆ ಗೋಡೆ ಗಟ್ಟಿ ಎಂದು ನಮ್ಮವರ ಲೆಕ್ಕ. ಇಲ್ಲಿ ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಗೋಡೆಯ ಹತ್ತಿರ ಹೋಗಿ ನೋಡಿ. ಐದಾರು ಸಾಲಿಗೊಮ್ಮೆ ಇಟ್ಟಿಗೆಯ ಗಿಡ್ಡ ಮುಖ ಮಾತ್ರ ಹೊರಗೆ ಕಾಣುವ ಸಾಲು ಬಂದರೆ ಅದು ಸಾಮಾನ್ಯವಾಗಿ ಹಳೇ ಕಾಲದ ಜೋಡಿ ಇಟ್ಟಿಗೆ ಗೋಡೆ. ಮನೆಯ ಭಾರ ಹೊರುವುದು ಅದೇ. ಎಲ್ಲ ಸಾಲಿನಲ್ಲೂ ಉದ್ದ ಮುಖವೇ ಇದ್ದು, ತಳದ ಸಾಲಿನಲ್ಲಿ ಅಲ್ಲಲ್ಲಿ ನೀರು ಹೊರಹೋಗಲು ಸಣ್ಣ ಸಂದು ಬಿಟ್ಟಿದ್ದರೆ ಇಟ್ಟಿಗೆ ಬರೀ ಹೊದಿಕೆ. ಭಾರವೆಲ್ಲ ಒಳಗಿನ ಮರದ ಚೌಕಟ್ಟಿನ ಮೇಲೆ. ಎರಡೂ ಒಳ್ಳೆಯ ಮನೆಗಳೇ, ಕಾಯಿಲೆ ಮಾತ್ರ ಬೇರೆ. ಹಳೇ ಗೋಡೆಯನ್ನು ಮೆದು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಅದರ ಸಂದಿಗೆ ಯಾರೋ ಗಟ್ಟಿ ಸಿಮೆಂಟ್ ಮೆತ್ತಿದ್ದರೆ ತೇವ ಹೊರಹೋಗಲು ದಾರಿಯಿಲ್ಲದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಳೇ ಇಟ್ಟಿಗೆಗೆ ಪೇಂಟ್ ಬಳಿದು ಮಾರುವವರನ್ನು ಕಂಡರೆ ನನಗಂತೂ ಅನುಮಾನ.

ಇನ್ನು ವ್ಯವಸ್ಥೆಯ ವಿಷಯ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಹೋಮ್ ಇನ್ಸ್‌ಪೆಕ್ಷನ್ ಕಡ್ಡಾಯವಲ್ಲ, ಬ್ಯಾಂಕು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಇನ್ಸ್‌ಪೆಕ್ಟರ್ ಆಗಲು ಸರ್ಕಾರದ ಲೈಸೆನ್ಸೂ ಬೇಕಿಲ್ಲ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾಗಳಲ್ಲಿ ಲೈಸೆನ್ಸ್ ಬೇಕು; ಒಂಟಾರಿಯೊದಲ್ಲಿ 2017ರಲ್ಲೇ ಕಾನೂನು ಪಾಸಾಯಿತು, ಜಾರಿಗೆ ಮಾತ್ರ ಬಂದಿಲ್ಲ. ಅಂದರೆ ಟಾರ್ಚು, ಏಣಿ, ವಿಸಿಟಿಂಗ್ ಕಾರ್ಡು ಇದ್ದರೆ ಯಾರು ಬೇಕಾದರೂ ಇನ್ಸ್‌ಪೆಕ್ಟರ್. ಆದ್ದರಿಂದ ಒಂಟಾರಿಯೊ ಹೋಮ್ ಇನ್ಸ್‌ಪೆಕ್ಟರ್‌ಗಳ ಸಂಘ ಕೊಡುವ 'ರಿಜಿಸ್ಟರ್ಡ್ ಹೋಮ್ ಇನ್ಸ್‌ಪೆಕ್ಟರ್' ಎಂಬ ಅರ್ಹತೆ ಇದೆಯೇ, ತಪ್ಪು ಮಾಡಿದರೆ ಹೊಣೆ ಹೊರುವ ಇನ್ಶೂರೆನ್ಸ್ ಇದೆಯೇ, ನೀವು ಕೊಳ್ಳಲಿರುವ ಕಾಲದ ಮನೆಗಳನ್ನು ನೋಡಿ ಅಭ್ಯಾಸವಿದೆಯೇ ಎಂದು ಕೇಳಿ. ಹಿಂದೆ ಬರೆದ ಒಂದು ರಿಪೋರ್ಟನ್ನು ಹೆಸರು, ವಿಳಾಸ ಅಳಿಸಿ ತೋರಿಸಿ ಎನ್ನಿ. ನಲವತ್ತು ಪುಟದಲ್ಲಿ ಮೂವತ್ತೈದು ಪುಟ "ತಜ್ಞರನ್ನು ಸಂಪರ್ಕಿಸಿ" ಎಂದಿದ್ದರೆ ಬೇರೆಯವರನ್ನು ಹುಡುಕಿ. ಏಜೆಂಟ್ ಕೊಟ್ಟ ಒಂದೇ ಹೆಸರನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಏಜೆಂಟ್ ಒಳ್ಳೆಯವರೇ ಇರಬಹುದು, ಆದರೆ ವ್ಯಾಪಾರ ಕುದುರಿದರಷ್ಟೇ ಅವರಿಗೆ ಕಮಿಷನ್.

ಫೀಸು ಸಾಮಾನ್ಯವಾಗಿ 500ರಿಂದ 700 ಡಾಲರ್, ಸಮಯ ಎರಡೂವರೆ ಮೂರು ಗಂಟೆ. ಅಷ್ಟು ಹೊತ್ತೂ ಜೊತೆಯಲ್ಲೇ ಇರಿ. ರಿಪೋರ್ಟಿನಲ್ಲಿ ಬರೆಯಲು ಹಿಂಜರಿಯುವುದನ್ನು ಅವರು ಬಾಯಲ್ಲಿ ಹೇಳುತ್ತಾರೆ. ಇದು ಕಣ್ಣಿಗೆ ಕಾಣುವಷ್ಟರ ಪರೀಕ್ಷೆ ಅನ್ನುವುದೂ ನೆನಪಿರಲಿ. ಗೋಡೆ ಕೊರೆಯುವುದಿಲ್ಲ, ಕಾರ್ಪೆಟ್ ಎತ್ತುವುದಿಲ್ಲ, ಸೋಫಾ ಸರಿಸುವುದಿಲ್ಲ. ಜನವರಿಯಲ್ಲಿ ಮಾಡು ಹಿಮದಡಿ ಇರುತ್ತದೆ. ಚಳಿಯಲ್ಲಿ ಎಸಿ ಚಾಲೂ ಮಾಡಿದರೆ ಕಂಪ್ರೆಸರ್ ಕೆಡಬಹುದು ಎಂದು ಅದನ್ನೂ ಮುಟ್ಟುವುದಿಲ್ಲ. "ಪಾಸೋ ಫೇಲೋ?" ಎಂದು ಕೇಳುವವರಿದ್ದಾರೆ, ಅಂಥ ಫಲಿತಾಂಶ ಇಲ್ಲಿಲ್ಲ. ಯಾವುದು ಈಗಲೇ ಆಗಬೇಕು, ಯಾವುದು ಐದು ವರ್ಷ ತಡೆಯುತ್ತದೆ, ಯಾವುದು ಬರೀ ಅಂದಗೇಡು ಎಂಬ ವಿಂಗಡಣೆ ಸಿಕ್ಕರೆ ಕೊಟ್ಟ ದುಡ್ಡು ಸಾರ್ಥಕ.

ಇನ್ಸ್‌ಪೆಕ್ಷನ್‌ಗೆ ಬಲ ಬರುವುದು ಆಫರ್‌ನಲ್ಲಿ, ಅಂದರೆ ಮನೆ ಕೊಳ್ಳಲು ನೀವು ಬರೆದುಕೊಡುವ ಪ್ರಸ್ತಾಪದಲ್ಲಿ, ಇನ್ಸ್‌ಪೆಕ್ಷನ್ ಸಮಾಧಾನ ತಂದರಷ್ಟೇ ಕೊಳ್ಳುತ್ತೇನೆ ಎಂದು ಹಾಕುವ ಕಂಡೀಷನ್‌ನಿಂದ. ಸಾಮಾನ್ಯವಾಗಿ ಐದು ಕೆಲಸದ ದಿನಗಳ ಗಡುವು ಹಾಕುತ್ತಾರೆ. ಅಷ್ಟರೊಳಗೆ ನಿಮಗೆ ಸಮಾಧಾನವಾಗದಿದ್ದರೆ ಡಿಪಾಸಿಟ್ ವಾಪಸ್ ಪಡೆದು ಹೊರಬರಬಹುದು, ಬೆಲೆ ಇಳಿಸಿ ಎಂದು ಮತ್ತೆ ಮಾತಿಗೆ ಕೂರಬಹುದು. ಕಂಡೀಷನ್ ಇಲ್ಲದೆ ಸಹಿ ಹಾಕಿದರೆ ಮುಗಿಯಿತು; ಒಬ್ಬರಿಂದ ಒಬ್ಬರಿಗೆ ಮಾರಾಟವಾಗುವ ಹಳೇ ಮನೆಗೆ ಮನಸ್ಸು ಬದಲಿಸುವ ಅವಧಿ ಒಂಟಾರಿಯೊದಲ್ಲಿ ಇಲ್ಲ. ಬಿಲ್ಡರ್‌ನಿಂದ ನೇರ ಹೊಸ ಕಾಂಡೊ (ಬಹುಮನೆ ಕಟ್ಟಡದ ಫ್ಲ್ಯಾಟ್) ಕೊಂಡರೆ ಮಾತ್ರ 10 ದಿನ ಸಿಗುತ್ತದೆ. ಒಂದೇ ಮನೆಗೆ ಏಳೆಂಟು ಜನ ಮುಗಿಬಿದ್ದಾಗ ಕಂಡೀಷನ್ ಇರುವ ಆಫರ್ ಗೆಲ್ಲುವುದು ಕಷ್ಟ, ನಿಜ. ಆಗ ಆಫರ್ ಸಲ್ಲಿಸುವ ದಿನಕ್ಕೆ ಮೊದಲೇ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಹೋಗುವುದು ಒಂದು ದಾರಿ. ಮನೆ ಕೈತಪ್ಪಿದರೆ ಫೀಸು ಹೋಯಿತು ಅಷ್ಟೆ. ಮಾರುವವರೇ ಮಾಡಿಸಿಟ್ಟ ರಿಪೋರ್ಟು ಮೇಜಿನ ಮೇಲಿರುತ್ತದೆ. ಓದಿ, ಆದರೆ ಆ ಇನ್ಸ್‌ಪೆಕ್ಟರ್ ಒಪ್ಪಂದ ಮಾಡಿಕೊಂಡಿರುವುದು ಮಾರುವವರ ಜೊತೆ. ನಾಳೆ ಏನಾದರೂ ಹೊರಬಿದ್ದರೆ ಅವರು ನಿಮಗೆ ಉತ್ತರ ಕೊಡಬೇಕಾಗಿಲ್ಲ ಎನ್ನಬಹುದು. ಆ ಇನ್ಸ್‌ಪೆಕ್ಟರಿಗೇ ಒಂದಿಷ್ಟು ಫೀಸು ಕೊಟ್ಟು ನಿಮ್ಮ ಹೆಸರಲ್ಲೂ ರಿಪೋರ್ಟ್ ಮಾಡಿಕೊಡುತ್ತಾರೆಯೇ ಎಂದು ಕೇಳಿ ನೋಡಿ.

ಈಗ ವಯಸ್ಸಿನ ಲೆಕ್ಕ.

ಸುಮಾರು 1950ಕ್ಕೆ ಮೊದಲಿನ ಮನೆಯಾದರೆ 'ನಾಬ್ ಅಂಡ್ ಟ್ಯೂಬ್' ವೈರಿಂಗ್ ಇದೆಯೇ ಎಂದು ಕೇಳಲೇಬೇಕು. ಪಿಂಗಾಣಿ ಗುಬುಟುಗಳ ಮೇಲೆ ಒಂಟಿ ಒಂಟಿಯಾಗಿ ಹಾಯುವ, ಅರ್ತಿಂಗ್ ಇಲ್ಲದ ಹಳೇ ತಂತಿ ಅದು. ಬೇಸ್‌ಮೆಂಟಿನಲ್ಲಿ ಹೊಸ ವಿದ್ಯುತ್ ಪ್ಯಾನೆಲ್ ಫಳಫಳ ಹೊಳೆಯುತ್ತಿದ್ದರೂ ಮೇಲಿನ ಗೋಡೆಯೊಳಗೆ ಇದು ಜೀವಂತ ಇರಬಹುದು. ಮಾಡಿನ ಒಳಗೆ ಮತ್ತು ಬೇಸ್‌ಮೆಂಟಿನ ಚಾವಣಿಯಲ್ಲಿ ಹುಡುಕಲು ಹೇಳಿ. ಒಂಟಾರಿಯೊದಲ್ಲಿ ವೈರಿಂಗ್ ಕೆಲಸದ ಮೇಲ್ವಿಚಾರಣೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯದ್ದು. "ಎಲ್ಲ ವೈರಿಂಗ್ ಬದಲಿಸಿದ್ದೇವೆ" ಎಂದು ಮಾರುವವರು ಹೇಳಿದರೆ ಅಥಾರಿಟಿಯ ಸರ್ಟಿಫಿಕೇಟ್ ಕೇಳಿ. 1960ರ ದಶಕದ ಮಧ್ಯದಿಂದ 1970ರ ದಶಕದ ಕೊನೆಯವರೆಗಿನ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇರುವುದುಂಟು. ಸ್ಕಾರ್‌ಬರೊ, ಇಟೋಬಿಕೋ, ನಾರ್ತ್ ಯಾರ್ಕ್‌ನ ಎಷ್ಟೋ ಬೀದಿಗಳು ಆ ಕಾಲದವು. ತಂತಿ ಕೆಟ್ಟದ್ದಲ್ಲ, ಅದು ತಾಮ್ರಕ್ಕೆಂದೇ ಮಾಡಿದ ಸ್ವಿಚ್ಚು, ಸಾಕೆಟ್ಟುಗಳಿಗೆ ಸೇರುವ ಜಾಗದಲ್ಲಿ ಸಡಿಲವಾಗಿ ಬಿಸಿಯೇರುತ್ತದೆ. ಸರಿಯಾದ ಕನೆಕ್ಟರ್ ಹಾಕಿದರೆ ಮನೆಪೂರ್ತಿ ಒಡೆಯುವ ಅಗತ್ಯವಿಲ್ಲ.

ಹಳೇ ಮನೆಗೆ ನೀರು ತರುವ ಪೈಪನ್ನು ಮಾತ್ರ ನೀವೇ ಬಗ್ಗಿ ನೋಡಿ. ಬೇಸ್‌ಮೆಂಟಿನ ಮುಂದಿನ ಗೋಡೆಯ ಹತ್ತಿರ, ಮೀಟರಿಗೆ ಮೊದಲು, ನೆಲದಿಂದ ಮೇಲೆದ್ದಿರುತ್ತದೆ. ಮಸುಕು ಬೂದು ಬಣ್ಣ, ನಾಣ್ಯದಿಂದ ಕೆರೆದರೆ ಬೆಳ್ಳಿಯಂತೆ ಹೊಳೆಯುವ ಮೆದು ಲೋಹ, ಅಯಸ್ಕಾಂತ ಹಿಡಿಯುವುದಿಲ್ಲ, ಹೀಗಿದ್ದರೆ ಅದು ಸೀಸ. ಅಯಸ್ಕಾಂತ ಹಿಡಿದರೆ ಸತು ಲೇಪಿಸಿದ ಕಬ್ಬಿಣ. ಒಳಗೇ ತುಕ್ಕು ಕಟ್ಟಿ ನೀರಿನ ರಭಸ ಕುಗ್ಗಿಸುತ್ತದೆ. ಕೆಂಪಗೆ ಕಂಡರೆ ತಾಮ್ರ, ನಿಶ್ಚಿಂತೆ. ಟೊರಾಂಟೊದಲ್ಲಿ 1950ರ ದಶಕದ ಮಧ್ಯಕ್ಕಿಂತ ಹಳೇ ಮನೆಗಳಿಗೆ ಸೀಸದ ಪೈಪಿನ ಸಾಧ್ಯತೆ ಇದೆ. ನಿಮ್ಮ ಜಾಗದೊಳಗಿನ ಪೈಪು ಬದಲಿಸುವ ಖರ್ಚು ನಿಮ್ಮದು, ರಸ್ತೆ ಕಡೆಯದ್ದು ನಗರಪಾಲಿಕೆಯದ್ದು. ಒಟ್ಟಿಗೇ ಮಾಡಿಸುವ ಯೋಜನೆಯೂ ಇದೆ, 311ಕ್ಕೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ಪುಟ್ಟ ಮಗು ಅಥವಾ ಬಸುರಿ ಇದ್ದರೆ ಇದನ್ನು ಮುಂದೂಡಬೇಡಿ.

ಅಷ್ಟೇ ಮುಖ್ಯ ಮನೆಯಿಂದ ಹೊರಹೋಗುವ ಚರಂಡಿ ಪೈಪು. ಹಳೇ ಬಡಾವಣೆಗಳಲ್ಲಿ ಸುಟ್ಟ ಮಣ್ಣಿನ ಪೈಪು, ಮೇಲೆ ದೊಡ್ಡ ಮೇಪಲ್ ಮರ. ಸಂದಿನಿಂದ ಬೇರು ಒಳನುಗ್ಗುತ್ತದೆ. ಇನ್ಸ್‌ಪೆಕ್ಟರ್ ಇದನ್ನು ನೋಡುವುದಿಲ್ಲ; ಪ್ಲಂಬರ್ ಕರೆಸಿ ಕ್ಯಾಮೆರಾ ಇಳಿಸಬೇಕು, ಕೆಲವು ನೂರು ಡಾಲರ್ ಹೆಚ್ಚಿನ ಖರ್ಚು. ಮರವಿರುವ ಹಳೇ ಮನೆಗೆ ನಾನಾದರೆ ಇದನ್ನು ಬಿಡುವುದಿಲ್ಲ. 2013ರ ಜುಲೈ 8ರಂದು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ಸುರಿಯಿತು. 2024ರ ಜುಲೈ 16ರಂದು ಮತ್ತೆ ಸುಮಾರು 98. ಎರಡು ಸಲವೂ ಎಷ್ಟೋ ಬೇಸ್‌ಮೆಂಟುಗಳಿಗೆ ನೀರು ನುಗ್ಗಿತು. ಚರಂಡಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಇದೆಯೇ ನೋಡಿ; ಇಲ್ಲದಿದ್ದರೆ ಹಾಕಿಸಲು ಟೊರಾಂಟೊ ಪಾಲಿಕೆಯ ಸಹಾಯಧನವಿದೆ. ಬೇಸ್‌ಮೆಂಟ್ ಗೋಡೆಯ ಕೆಳಗಿನ ಒಂದಡಿಗೆ ಮಾತ್ರ ಹೊಸ ಬಣ್ಣ, ಮೂಲೆಯಲ್ಲಿ ಬಿಳಿ ಉಪ್ಪಿನಂಥ ಪುಡಿ, ಘಮಘಮ ಸೆಂಟು, ಯಾವಾಗಲೂ ಓಡುವ ಡಿಹ್ಯುಮಿಡಿಫೈಯರ್, ಇವುಗಳಲ್ಲಿ ಯಾವುದು ಕಂಡರೂ ಪ್ರಶ್ನೆ ಕೇಳಿ.

ಉಳಿದವು ಚುಟುಕಾಗಿ. ಚಳಿ ತಡೆಯಲು ತುಂಬುತ್ತಿದ್ದ, 1980ರಲ್ಲಿ ಕೆನಡಾ ನಿಷೇಧಿಸಿದ ಯೂರಿಯಾ ಫಾರ್ಮಾಲ್ಡಿಹೈಡ್ ನೊರೆ ಅದಕ್ಕೆ ಮೊದಲಿನ ಮನೆಯ ಗೋಡೆಯಲ್ಲಿರಬಹುದು. ಮಾಡಿನೊಳಗೆ ಬೂದು-ಚಿನ್ನದ ಬಣ್ಣದ ಹರಳಿನಂಥ ವರ್ಮಿಕ್ಯುಲೈಟ್ ಹರಡಿದ್ದರೆ ಕೈ ಹಾಕಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿದೆ. ಮೊದಲು ಲ್ಯಾಬಿಗೆ ಕಳಿಸಿ. 1990ರ ದಶಕದ ಮಧ್ಯದಿಂದ ಸುಮಾರು 2007ರವರೆಗಿನ ಮನೆ, ಕಾಂಡೊಗಳಲ್ಲಿ ಕಿತ್ತಳೆ ಮತ್ತು ನೀಲಿ ಬಣ್ಣದ ಕೈಟೆಕ್ ಪೈಪು ಇರಬಹುದು. ಅದರ ಹಿತ್ತಾಳೆ ಜೋಡಣೆಗಳು ಸವೆದು ಸೋರುತ್ತವೆ, ಪೂರ್ತಿ ಬದಲಿಸಬೇಕು. ನೆಲದಿಂದ ಮನೆಯೊಳಗೆ ಸೇರುವ ವಿಕಿರಣಶೀಲ ರೇಡಾನ್ ಅನಿಲದ ಪರೀಕ್ಷೆ ಐದು ದಿನದಲ್ಲಿ ಆಗುವಂಥದ್ದಲ್ಲ. ಮನೆಗೆ ಬಂದ ಮೇಲೆ ಚಳಿಗಾಲದಲ್ಲಿ ಕನಿಷ್ಠ ಮೂರು ತಿಂಗಳು ಉಪಕರಣ ಇಡಿ; ಹೆಲ್ತ್ ಕೆನಡಾದ ಮಿತಿ ಒಂದು ಘನ ಮೀಟರಿಗೆ 200 ಬೆಕರೆಲ್.

ಬೇಸ್‌ಮೆಂಟ್ ಬಾಡಿಗೆಯಿಂದ ಕಂತು ಕಟ್ಟುವ ಲೆಕ್ಕ ನಮ್ಮವರಲ್ಲಿ ಬಹಳ. ಜಾಹೀರಾತಿನ ಕೊನೆಯಲ್ಲಿ ಬೇಸ್‌ಮೆಂಟಿನ ರೆಟ್ರೊಫಿಟ್ (ಪ್ರತ್ಯೇಕ ಮನೆಯ ನಿಯಮಕ್ಕೆ ತಕ್ಕಂತೆ ಮಾರ್ಪಡಿಸುವುದು) ಬಗ್ಗೆ ಮಾರುವವರು ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬ ಸಾಲಿದ್ದರೆ, ಅದು ಕಾನೂನಿನ ಪ್ರಕಾರದ ಪ್ರತ್ಯೇಕ ಮನೆ ಎಂದು ಲೆಕ್ಕ ಹಾಕಬೇಡಿ. ಬೆಂಕಿ ತಡೆಯುವ ಗೋಡೆ ಮತ್ತು ಚಾವಣಿ, ಪಾರಾಗಲು ದೊಡ್ಡ ಕಿಟಕಿ ಅಥವಾ ಬಾಗಿಲು, ಸಾಕಷ್ಟು ಎತ್ತರ, ಇವೆಲ್ಲ ಬೇಕು. ಪಾಲಿಕೆಯಲ್ಲಿ ಪರ್ಮಿಟ್ ತೆಗೆಸಿದ್ದಾರೆಯೇ, ಕೆಲಸ ಮುಗಿದ ಮೇಲೆ ಪಾಲಿಕೆಯವರಿಂದ ಪರಿಶೀಲನೆ ಮಾಡಿಸಿ ಅದನ್ನು ಮುಚ್ಚಿಸಿದ್ದಾರೆಯೇ ಎಂದು ವಿಚಾರಿಸಿ. ಎತ್ತರ ಹೆಚ್ಚಿಸಲು ಪಾಯದ ಕೆಳಗೆ ಅಗೆದಿದ್ದರೆ ಆ ಪರ್ಮಿಟ್ ಇಲ್ಲದ ಮನೆಯ ಹತ್ತಿರ ಸುಳಿಯಬೇಡಿ. ಜೋಡಿಮನೆಯಾದರೆ ಪಕ್ಕದವರ ಗೋಡೆಯೂ ಅದೇ ಪಾಯದ ಮೇಲಿರುತ್ತದೆ. ಅಂದಹಾಗೆ ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಬಿಡುತ್ತದೆಯೋ ಅಥವಾ ಅದೇ ಗಾಳಿಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಒಳಗೇ ಊದುತ್ತದೆಯೋ ನೋಡಿ. ದಿನವೂ ಒಗ್ಗರಣೆ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ, ರಿಪೋರ್ಟಿನಲ್ಲಿ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ.

ಹೊಸ ಮನೆಗೆ ಇನ್ಸ್‌ಪೆಕ್ಷನ್ ಯಾಕೆ ಎನ್ನುವವರಿಗೆ: ಒಂಟಾರಿಯೊದ ಹೊಸ ಮನೆಗಳ ವಾರಂಟಿ ನೋಡಿಕೊಳ್ಳುವ ಟ್ಯಾರಿಯನ್ ಸಂಸ್ಥೆಯ ವಾರಂಟಿ ಇದೆ ನಿಜ. ಕೆಲಸ ಮತ್ತು ಸಾಮಗ್ರಿಯ ದೋಷಕ್ಕೆ ಒಂದು ವರ್ಷ. ನೀರು ಒಳನುಗ್ಗುವುದು, ವಿದ್ಯುತ್, ಪ್ಲಂಬಿಂಗ್, ಹೀಟಿಂಗ್‌ಗೆ ಎರಡು ವರ್ಷ. ಕಟ್ಟಡದ ದೊಡ್ಡ ದೋಷಕ್ಕೆ ಏಳು ವರ್ಷ. ಆದರೆ ಗಡುವಿನೊಳಗೆ ಫಾರ್ಮ್ ತುಂಬಿದವರಿಗೆ ಮಾತ್ರ. ಮೊದಲ ವರ್ಷ ಮುಗಿಯುವ ಮುಂಚೆ ಇನ್ಸ್‌ಪೆಕ್ಟರನ್ನು ಕರೆಸಿ ಪಟ್ಟಿ ಮಾಡಿಸುವುದು ಜಾಣತನ. ವಾರಂಟಿ ಮನೆಯ ಜೊತೆಗೇ ಸಾಗುತ್ತದೆ, ಆದ್ದರಿಂದ ನಾಲ್ಕು ವರ್ಷದ ಮನೆಯನ್ನು ಮೊದಲ ಮಾಲೀಕರಿಂದ ಕೊಂಡವರಿಗೂ ಉಳಿದ ಅವಧಿ ಸಿಗುತ್ತದೆ. ಕಾಂಡೊ ಕೊಳ್ಳುವವರಿಗೆ ಗೋಡೆಗಿಂತ ಕಾಗದ ಮುಖ್ಯ. ಕಾಂಡೊ ಆಡಳಿತದ ಹಣಕಾಸು, ಕೇಸುಗಳ ವಿವರವಿರುವ ಸ್ಟೇಟಸ್ ಸರ್ಟಿಫಿಕೇಟ್ ತರಿಸಿ ವಕೀಲರಿಗೆ ಓದಲು ಕೊಡಿ: ಫೀಸು ಗರಿಷ್ಠ 100 ಡಾಲರ್, 10 ದಿನದೊಳಗೆ ಕೊಡಬೇಕು. ದೊಡ್ಡ ರಿಪೇರಿಗೆಂದು ಕೂಡಿಡುವ ರಿಸರ್ವ್ ಫಂಡ್ ಬರಿದಾಗಿದ್ದರೆ, ಕಟ್ಟಡದ ಮೇಲೆ ಕೋರ್ಟ್ ಕೇಸಿದ್ದರೆ ಅದರಲ್ಲೇ ತಿಳಿಯುತ್ತದೆ.

ಕಂಡೀಷನ್‌ನ ಆ ಐದು ದಿನದೊಳಗೆ ಇನ್ನೆರಡು ಫೋನ್ ಕರೆ ಮಾಡಬೇಕು. ಒಂದು, ಇನ್ಶೂರೆನ್ಸ್ ಕಂಪನಿಗೆ. ನಾಬ್ ಅಂಡ್ ಟ್ಯೂಬ್, 60 ಆಂಪಿಯರ್ ಪ್ಯಾನೆಲ್, ಮನೆ ಬಿಸಿಮಾಡುವ ಎಣ್ಣೆಯ ಟ್ಯಾಂಕು ಇದ್ದರೆ ಕೆಲವರು ಪಾಲಿಸಿಯನ್ನೇ ಕೊಡುವುದಿಲ್ಲ. ಪಾಲಿಸಿ ಇಲ್ಲದೆ ಬ್ಯಾಂಕು ಸಾಲ ಬಿಡುಗಡೆ ಮಾಡುವುದಿಲ್ಲ. ಇದು ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗೆ ಬರುವ) ವಾರದಲ್ಲಿ ಗೊತ್ತಾದರೆ ಪರದಾಟ. ಇನ್ನೊಂದು ನಿಮ್ಮ ವಕೀಲರಿಗೆ, ವಾಟರ್ ಹೀಟರ್ ಬಗ್ಗೆ. ಇಲ್ಲಿ ಹೀಟರು, ಕೆಲವೊಮ್ಮೆ ಫರ್ನೇಸು, ಎಸಿ ಕೂಡ ಬಾಡಿಗೆಯದ್ದಾಗಿರುತ್ತದೆ, ಒಪ್ಪಂದ ನಿಮ್ಮ ತಲೆಗೆ ಬರುತ್ತದೆ. ಇಂಥ ಬಾಡಿಗೆ ಸಾಮಾನಿನ ಹೆಸರಲ್ಲಿ ಮನೆಯ ಪತ್ರದ ಮೇಲೆ ಹಕ್ಕು ನೋಂದಾಯಿಸುವುದನ್ನು ಒಂಟಾರಿಯೊ 2024ರ ಜೂನ್‌ನಲ್ಲಿ ನಿಷೇಧಿಸಿತು, ಬಾಡಿಗೆ ಒಪ್ಪಂದಗಳನ್ನಲ್ಲ. ತಿಂಗಳಿಗೆಷ್ಟು, ಇನ್ನೆಷ್ಟು ವರ್ಷ, ಪೂರ್ತಿ ತೀರಿಸಲು ಎಷ್ಟು ಎಂಬುದನ್ನು ಬರಹದಲ್ಲಿ ತರಿಸಿಕೊಂಡು, ಕ್ಲೋಸಿಂಗ್‌ಗೆ ಮೊದಲು ಮಾರುವವರೇ ತೀರಿಸಬೇಕು ಎಂದು ಆಫರ್‌ನಲ್ಲೇ ಸೇರಿಸಲು ಹೇಳಿ.